ಕರಿಪಟ್ಟಿ ಮೀಮಾಂಸೆ

1. ವ್ಯುತ್ಪತ್ತಿ

ಕರಾಟೆ ಜಪಾನಿನದೆಂಬ ತಪ್ಪು ತಿಳಿವಳಿಕೆ ವಿದ್ವಾಂಸರಲ್ಲಿ ಇನ್ನೂ ಬೇರೂರಿದೆ. ಅದು ಸೊರಬ ತಾಲೂಕಿನ ಆನವಟ್ಟಿಯದೆಂದು ಸಾಬೀತುಪಡಿಸುವುದೇ ಪ್ರಕೃತ ಪ್ರಬಂಧದ ಉದ್ದೇಶ. ಕೆನೆಗೆ ಪಾಲು ಸೇರಿ ಕೆನೆವಾಲು ಆಗುವಂತೆ, ಆನೆಗೆ ಪಟ್ಟಿ ಸೇರಿದರೆ ಆನೆವಟ್ಟಿ; ಜನರ ಬಾಯಲ್ಲಿ ಸವೆದು ಆನವಟ್ಟಿ. ಆನೆಗೆ ಕರಿ ಎಂಬ ಹೆಸರೂ ಉಂಟು. ಆದ್ದರಿಂದ ಆನೆಪಟ್ಟಿ ಎಂದರೆ ಕರಿಪಟ್ಟಿ, ಅರ್ಥಾತ್ ಬ್ಲ್ಯಾಕ್ ಬೆಲ್ಟು. ಊರಿಗೆ ಊರೇ ನಾಮಕರಣದ ದಿನವೇ ಬ್ಲ್ಯಾಕ್ ಬೆಲ್ಟು ಕಟ್ಟಿಕೊಂಡ ನಿದರ್ಶನ ಕರಾಟೆಯ ತವರೆನ್ನಲಾಗುವ ಒಕಿನಾವಾದಲ್ಲೂ ಸಿಗದು.

ಇನ್ನು ಕರಾಟೆ. ಕರ ಎಂದರೆ ಕೈ, ಅದರ ಆಟ ಕರಾಟ. ಸಂಸ್ಕೃತಕ್ಕೆ ಕನ್ನಡ ಅಂಟಿಸಿದ ಇದು ಅರಿಸಮಾಸವೆಂದು ವೈಯಾಕರಣರು ಮೂಗು ಮುರಿಯಬಹುದು. ಅರಿಯೇ ಇಲ್ಲದ ಮೇಲೆ ಕರಾಟೆಯಾದರೂ ಯಾಕೆ?

2. ಪುರಾವೆ

ಪಕ್ಕದ ಕುಬಟೂರಿನಲ್ಲಿ ಕೈಟಭೇಶ್ವರ ದೇವಾಲಯವಿದೆ. ಕೈಟಭನ ಹೆಸರಿನಲ್ಲೇ ಕೈ ಇರುವುದನ್ನು ಗಮನಿಸಬೇಕು. ಮಧುಕೈಟಭರೆಂಬ ಅಸುರರೊಡನೆ ವಿಷ್ಣು 5000 ವರ್ಷ ಬರಿಗೈಯಲ್ಲೇ ಹೋರಾಡಿದನೆಂದು ಪುರಾಣ ಹೇಳುತ್ತದೆ. ಈಗಿನ ಅಂತರರಾಷ್ಟ್ರೀಯ ಪಂದ್ಯ ಮೂರೇ ನಿಮಿಷಕ್ಕೆ ಮುಗಿಯುತ್ತದೆ, ಕಲಿಗಾಲ. ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯದ ಮೇಲೆ ಶಿಲ್ಪವಾಗಿ ನಿಂತು ಹುಲಿಯೊಡನೆ ಸೆಣಸುವ ಸಳನನ್ನು ಮಾತ್ರ ನಾವು ಪರಿಗಣಿಸಿಲ್ಲ. ಅವನ ಕೈಯಲ್ಲಿ ಆಯುಧವಿತ್ತು.

ನಮ್ಮ ವಾದದ ಎದುರಾಳಿಗಳು ಕರಾಟೆ ಗುರು ಫುನಕೋಶಿ ಗಿಚಿನ್ ಅವರನ್ನು ಮುಂದೆ ತರುತ್ತಾರೆ. ಅವರು 1922ರಲ್ಲಿ ಒಕಿನಾವಾದಿಂದ ಟೋಕಿಯೊಗೆ ಹೋಗಿ ಈ ವಿದ್ಯೆ ತೋರಿಸಿದ್ದು ನಿಜ. ಕರಾಟೆ ಎಂಬ ಪದಕ್ಕಿದ್ದ 'ಚೀನಾದ ಕೈ' ಎಂಬರ್ಥದ ಬರಹವನ್ನು ಬಿಟ್ಟು 'ಬರಿ ಕೈ' ಎಂದು ಬರೆಯಲು ಹಚ್ಚಿದ್ದೂ ನಿಜ. ಆದರೆ ಆ ಹೊಸ ಅಕ್ಷರಕ್ಕೆ ಶೂನ್ಯ, ಆಕಾಶ ಎಂಬ ಅರ್ಥಗಳಿವೆ. ಬಳ್ಳಿಗಾವೆಯ ಅಲ್ಲಮ 12ನೇ ಶತಮಾನದಲ್ಲೇ ಶೂನ್ಯ ಸಿಂಹಾಸನ ಏರಿದ್ದ. ಜಪಾನು ಎಂಟುನೂರು ವರ್ಷ ತಡ.

3. ವರ್ಣವಿಚಾರ

ಕರಾಟೆಯ ದಾನ್ ಎಂಬ ಮೆಟ್ಟಿಲುಗಳು ಜೂಡೋದ ಕಾನೊ ಜಿಗೊರೊ ಅವರಿಂದ ಕಡ ತಂದವು. 1924ರಲ್ಲಿ ಫುನಕೋಶಿ ತಮ್ಮ ಶಿಷ್ಯರಿಗೆ ಮೊದಲ ಕರಿಪಟ್ಟಿ ಕೊಟ್ಟರು. ಬಿಳಿಗೂ ಕರಿಗೂ ನಡುವೆ ಹಳದಿ, ಕಿತ್ತಳೆ, ಹಸಿರು, ನೀಲಿ, ಕಂದು ಬರುತ್ತವೆ, ಶೈಲಿಗೊಂದು ಕ್ರಮ. ಕರಿಪಟ್ಟಿಯವರೆಗೆ ಕ್ಯೂ ಲೆಕ್ಕ: ಹತ್ತರಿಂದ ಒಂದಕ್ಕೆ ಇಳಿಯುತ್ತಾ ಮೇಲೇರಬೇಕು. ಆಮೇಲೆ ದಾನ್, ಒಂದರಿಂದ ಮೇಲಕ್ಕೆ.

ಇದು ಮನುವಿಗೆ ಹೊಳೆಯದ ವರ್ಣವ್ಯವಸ್ಥೆ. ಇಲ್ಲಿ ಎಲ್ಲರೂ ತಳದಲ್ಲೇ, ಬಿಳಿಯಾಗಿಯೇ ಹುಟ್ಟುತ್ತಾರೆ. ಕಪ್ಪು ಎಲ್ಲಕ್ಕಿಂತ ಮೇಲೆ. ಅಪ್ಪನ ಕಂದು ಪಟ್ಟಿ ಮಗನಿಗೆ ಪಿತ್ರಾರ್ಜಿತವಾಗಿ ಬರುವುದಿಲ್ಲ. ಮಗನ ಪರೀಕ್ಷೆಯ ಫೀಸು ಮಾತ್ರ ಅಪ್ಪನಿಗೆ ಬರುತ್ತದೆ.

4. ಕ್ಷೇತ್ರಕಾರ್ಯ

ಭಾನುವಾರ ಬೆಳಿಗ್ಗೆ, ಶಾಲೆಯ ಮೈದಾನ. ಎಂಟು ವರ್ಷದ ಹುಡುಗಿಯೊಬ್ಬಳು ಸೊಂಟಕ್ಕೆ ಬಿಳಿ ಬೆಲ್ಟು ಎರಡು ಸುತ್ತು ಸುತ್ತಿ ಗಂಟು ಹಾಕಿದಳು. ತುದಿಗಳು ಒಂದು ಗಿಡ್ಡ, ಒಂದು ಉದ್ದ. ಬಿಚ್ಚಿದಳು, ಮತ್ತೆ ಕಟ್ಟಿದಳು. ಮೂರನೇ ಸಲಕ್ಕೆ ಎರಡೂ ಸಮನಾಗಿ ಮಂಡಿಯವರೆಗೆ ಇಳಿಬಿದ್ದವು.

ಅವಳು ಮಾಡಿದ್ದು ಹೆಯಾನ್ ಶೊದಾನ್ ಎಂಬ ಕಟಾ, ಎಂದರೆ ಚಲನೆಗಳ ನಿಗದಿತ ಸರಣಿ. 21 ಎಣಿಕೆ, ಮಗ್ಗಿಯಂತೆ ಬಾಯಿಪಾಠ. ಮೊದಲನೆಯದೇ ತಡೆ, ಹೊಡೆತವಲ್ಲ. ಎಡಕ್ಕೆ, ಬಲಕ್ಕೆ, ಮುಂದಕ್ಕೆ, ಹಿಂದಕ್ಕೆ ಅವಳು ಕೆಡವಿದ ಅರಿಗಳಲ್ಲಿ ಒಬ್ಬನೂ ನಮಗೆ ಕಾಣಲಿಲ್ಲ. ಮುಗಿದಾಗ ಕಾಲ ಬುಡ ನೋಡಿಕೊಂಡಳು.

"ಸರ್, ಶುರು ಮಾಡಿದಲ್ಲೇ ಬಂದ್ನಲ್ಲ!"

"ಅಲ್ಲಿಗೇ ಬರಬೇಕು ಕಣಮ್ಮ. ಬರ್ಲಿಲ್ಲ ಅಂದ್ರೆ ಎಲ್ಲೋ ಹೆಜ್ಜೆ ತಪ್ಪಿದೀಯ ಅಂತ."

5. ಉಪಸಂಹಾರ

ವರ್ಷಗಟ್ಟಲೆ ಬೆವರಿಳಿಸಿ ಪಡೆಯುವ ಮೊದಲ ಕರಿಪಟ್ಟಿಯ ಹೆಸರೂ ಶೊದಾನ್. ಅರ್ಥ, ಆರಂಭದ ಮೆಟ್ಟಿಲು. ಈ ಶಾಸ್ತ್ರವನ್ನು ಪ್ರಬಂಧಕ್ಕೂ ಅನ್ವಯಿಸಿ, ಹೆಜ್ಜೆ ತಪ್ಪಿಲ್ಲವೆಂದು ಖಚಿತಪಡಿಸಿಕೊಳ್ಳಲು ನಾವು ಹೊರಟಲ್ಲಿಗೇ ಬಂದು ನಿಂತಿದ್ದೇವೆ: ಕರಾಟೆ ಜಪಾನಿನದು.