ತೊಡೆಯೆಂಬ ಹಗೇವು

ತೊಡೆಯ ಕೊಬ್ಬಿಗೂ ತೂಕದ ಯಂತ್ರಕ್ಕೂ ಮಾತುಕತೆ ಇದ್ದಂತಿಲ್ಲ. ಬಿಎಂಐ ಭಾರತೀಯರಿಗೆ ಹೇಳಿದ 18.5ರಿಂದ 22.9ರ ಒಳಗೇ ಇರುತ್ತದೆ, ವೈದ್ಯರು ‘ನಿಮಗೇನ್ರೀ ಆಗಿದೆ’ ಎಂದು ಗದರಿ ಕಳಿಸಿರುತ್ತಾರೆ. ಆದರೂ ಸೊಂಟಕ್ಕೆ ಸಡಿಲವಾದ ಜೀನ್ಸ್ ತೊಡೆಯ ಹತ್ತಿರ ಬಂದು ನಿಂತುಬಿಡುತ್ತದೆ. ಈ ದೂರು ಹೆಚ್ಚಾಗಿ ಹೆಂಗಸರದು. ಗಂಡಸರ ಕೊಬ್ಬು ಹೊಟ್ಟೆಗೆ ಸೇರುತ್ತದೆ. ಅವರು ದೂರುವುದೂ ಇಲ್ಲ, ಊಟವಾದ ಮೇಲೆ ಅದರ ಮೇಲೆ ಕೈಯಾಡಿಸಿಕೊಂಡು ಕೂರುತ್ತಾರೆ. ದೂರಬೇಕಾದವರು ಅವರೇ. ಸೊಂಟದ ಮೇಲೆ ಸೇರುವ ಕೊಬ್ಬಿಗೂ ಮಧುಮೇಹಕ್ಕೂ ನಂಟಿದೆಯೆಂದು ಫ್ರಾನ್ಸಿನ ವೈದ್ಯ ಝಾಂ ವಾಗ್ 1947ರಿಂದಲೇ ಬರೆಯುತ್ತ ಬಂದರು. ತೊಡೆಯ ಕೊಬ್ಬು ಆ ಮಟ್ಟಿಗೆ ಸಾಧು ಪ್ರಾಣಿ.

ಸಾಧುವಾದರೂ ಹಟಮಾರಿ. ಉತ್ತರ ಕರ್ನಾಟಕದಲ್ಲಿ ಜೋಳ ತುಂಬಿ ಬಾಯಿ ಮುಚ್ಚಿಡುತ್ತಿದ್ದ ಹಗೇವಿನಂತೆ, ದಿನದ ರೊಟ್ಟಿಗೆಂದು ಅದನ್ನು ಯಾರೂ ತೆಗೆಯುವುದಿಲ್ಲ. ಕೊಬ್ಬಿನ ಕೋಶದ ಮೇಲೆ ಅಡ್ರಿನಲಿನ್ ಮಾತು ಕೇಳಿಸಿಕೊಳ್ಳುವ ಗ್ರಾಹಕಗಳಿವೆ: ಬೀಟಾ ಗ್ರಾಹಕ ಕೊಬ್ಬನ್ನು ಬಿಡಿಸುತ್ತದೆ, ಆಲ್ಫಾ-2 ತಡೆಯುತ್ತದೆ. ಹೆಂಗಸರ ತೊಡೆಯಲ್ಲಿ ಆಲ್ಫಾ-2ರದೇ ಮೇಲುಗೈ. ಮಗುವಿಗೆ ಹಾಲೂಡಿಸುವ ತಿಂಗಳುಗಳಲ್ಲಿ ಮಾತ್ರ ಈ ಬಿಗಿ ಸಡಿಲುತ್ತದೆ. ಹಗೇವು ತುಂಬಿದ್ದೇ ಅದಕ್ಕಾಗಿ.

ತೊಡೆ ಕರಗಬೇಕಾದರೆ ತೊಡೆಯನ್ನೇ ದಂಡಿಸಬೇಕು ಎಂಬ ನಂಬಿಕೆಯ ಮೇಲೆ ಬೆಲ್ಟು, ಕ್ರೀಮು, ಅದುರುವ ಯಂತ್ರಗಳ ವ್ಯಾಪಾರ ನಡೆದಿದೆ. 1971ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಟೆನಿಸ್ ಆಟಗಾರರ ಎರಡೂ ತೋಳು ಅಳೆದರು. ವರ್ಷಗಟ್ಟಲೆ ರಾಕೆಟ್ ಬೀಸಿದ ತೋಳು ದಪ್ಪಗಿತ್ತು, ಸರಿ. ಚರ್ಮದಡಿಯ ಕೊಬ್ಬು ಮಾತ್ರ ಎರಡರಲ್ಲೂ ಅಷ್ಟೇ. ಕೊಬ್ಬು ಕರಗುವುದು ಇಡೀ ಮೈಯ ಲೆಕ್ಕದಲ್ಲಿ, ಸರದಿ ಗೊತ್ತುಮಾಡುವುದು ವಂಶ ಮತ್ತು ಹಾರ್ಮೋನು.

ಹಾಗೆಂದು ಊಟ ಬಿಟ್ಟರೆ ಮೊದಲು ಇಳಿಯುವುದು ಕೆನ್ನೆ. ಮದುವೆಮನೆಯಲ್ಲಿ ದೊಡ್ಡಮ್ಮ ಗಲ್ಲ ಹಿಡಿದು ‘ಯಾಕೇ ಇಷ್ಟು ಸೊರಗಿದೀಯ, ಮೈಗೆ ಹುಷಾರಿಲ್ವೇನೇ?’ ಎನ್ನುವ ಹೊತ್ತಿಗೆ ತೊಡೆ ಎಲ್ಲಿತ್ತೋ ಅಲ್ಲೇ ಇರುತ್ತದೆ. ಕೊಬ್ಬಿನ ಜೊತೆ ಸ್ನಾಯುವೂ ಹೋಗಿರುತ್ತದೆ, ಅದು ನಿಜವಾದ ನಷ್ಟ.

ಆದ್ದರಿಂದ ತೂಕ ಸರಿಯಿರುವವರಿಗೆ ಉಳಿದಿರುವ ದಾರಿ ಇಳಿಸುವುದಲ್ಲ, ಎತ್ತುವುದು. ಸ್ಕ್ವಾಟ್, ಲಂಜ್, ಡೆಡ್‌ಲಿಫ್ಟ್, ಹಿಪ್ ಥ್ರಸ್ಟ್ ಎಂಬ ಹೆಸರು ಕೇಳಿ ಹೆದರಬೇಕಾಗಿಲ್ಲ. ಸ್ಕ್ವಾಟ್‌ನ ಹತ್ತಿರದ ನೆಂಟ ಬಸ್ಕಿ. ಗರಡಿಮನೆಯ ಪೈಲ್ವಾನರು ಎಣ್ಣೆ ಹಚ್ಚಿ ನೂರುಗಟ್ಟಲೆ ಹೊಡೆದದ್ದು, ಲೆಕ್ಕದ ಮೇಷ್ಟ್ರು ಕಿವಿ ಹಿಡಿಸಿ ಪುಕ್ಕಟೆ ಹೊಡೆಸಿದ್ದು. ವ್ಯತ್ಯಾಸ ಭಾರದ್ದು. ಬರಿಗೈಯ ನೂರು ಬಸ್ಕಿಗಿಂತ, ಕೊನೆಯ ಎರಡಕ್ಕೆ ತೊಡೆ ನಡುಗುವಷ್ಟು ಭಾರ ಹೊತ್ತು ಎಂಟು ಹತ್ತು ಸಲ ಕೂತೇಳುವುದರಿಂದ ಬಲ ಬೇಗ ಬರುತ್ತದೆ. ಮೈ ಒಗ್ಗಿದಂತೆ ಭಾರ ಏರಬೇಕು. ವಾರಕ್ಕೆ ಎರಡು ಮೂರು ದಿನ ಸಾಕು, ನಡುವೆ ಬಿಡುವು ಬೇಕು. ಆ ಬಿಡುವು ಯಾಕೆಂಬುದು ಮರುದಿನವೇ ತಿಳಿಯುತ್ತದೆ. ಮೆಟ್ಟಿಲು ಹತ್ತಬಹುದು, ಇಳಿಯುವುದು ಕಂಬಿ ಹಿಡಿದು, ಅಡ್ಡಡ್ಡವಾಗಿ, ದೇವರ ಹೆಸರು ಹೇಳಿಕೊಂಡು. ಮನೆಯಲ್ಲಿ ಇಂಡಿಯನ್ ಟಾಯ್ಲೆಟ್ ಇದ್ದವರ ಪಾಡು ಇಲ್ಲಿ ಬರೆಯುವಂಥದ್ದಲ್ಲ.

ಶುರುವಿನ ವಾರಗಳಲ್ಲಿ ದಣಿದ ಸ್ನಾಯು ನೀರು ಹಿಡಿದು ತೊಡೆಯ ಸುತ್ತಳತೆ ಒಂದಿಷ್ಟು ಏರುವುದೂ ಉಂಟು. ಅನೇಕರು ಜಿಮ್ ಬಿಡುವುದು ಆಗಲೇ. ‘ಪೈಲ್ವಾನನ ಹಾಗೆ ಆಗಿಬಿಟ್ಟರೆ?’ ಎಂಬ ಭಯವೂ ಅದೇ ಹೊತ್ತಿಗೆ ಹುಟ್ಟುತ್ತದೆ. ವರ್ಷಗಟ್ಟಲೆ ಬೆವರು ಹರಿಸಿಯೂ ಹಾಗಾಗದೆ ಕೊರಗುವ ಗಂಡಸರನ್ನು ಕಂಡರೆ ಅದು ಹೋಗುತ್ತದೆ. ತಿಂಗಳುಗಳು ಕಳೆದಂತೆ ಸ್ನಾಯು ಕೂಡಿ, ಕೊಬ್ಬು ನಿಧಾನವಾಗಿ ಕಳೆದು, ತೂಕ ಅಷ್ಟೇ ಇದ್ದರೂ ಆಕಾರ ಬಿಗಿಯಾಗುತ್ತದೆ. ತೊಡೆ ಸಣ್ಣದಾಗಲೇಬೇಕೆಂದಿಲ್ಲ.

ಸ್ನಾಯು ಕಟ್ಟಲು ಪ್ರೋಟೀನ್ ಬೇಕು. ವ್ಯಾಯಾಮ ಮಾಡುವವರಿಗೆ ಕಿಲೋ ತೂಕಕ್ಕೆ ಸುಮಾರು 1.6 ಗ್ರಾಂ, ಅಂದರೆ 55 ಕಿಲೋ ಇದ್ದವರಿಗೆ ದಿನಕ್ಕೆ 88 ಗ್ರಾಂ. ನಮ್ಮ ತಿಳಿಸಾರಿನಲ್ಲಿ ಬೇಳೆಯ ನೆನಪಷ್ಟೇ ಇರುತ್ತದೆ. ಹುರುಳಿ, ಕಡಲೆ, ಮೊಸರು, ಮೊಟ್ಟೆ, ಮೀನು ತಟ್ಟೆಗೆ ಬರಬೇಕು. ಕೊಬ್ಬು ಕರಗಲು ಊಟದಲ್ಲಿ ಅಲ್ಪಸ್ವಲ್ಪ ಕಡಿತವಾದರೆ ಸಾಕು.

ಒಂದು ಬಗೆಯ ತೊಡೆಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ. ಎರಡೂ ಕಾಲು ಸಮನಾಗಿ ದಪ್ಪವಾಗಿ, ಮುಟ್ಟಿದರೆ ನೋವಾಗಿ, ಸಣ್ಣ ಪೆಟ್ಟಿಗೂ ಕಪ್ಪುಗಟ್ಟಿ, ಪಾದ ಮಾತ್ರ ಎಂದಿನಂತಿದ್ದರೆ ಅದು ಲಿಪೆಡೀಮಾ ಎಂಬ ಕಾಯಿಲೆ ಇರಬಹುದು. ಅದನ್ನು ವೈದ್ಯರಿಗೆ ತೋರಿಸಬೇಕು.