ಬಿಡಿಸಿಟ್ಟ ಗಿರಮಿಟ್

ಆರ್ಕಿಟೆಕ್ಚರ್ ಓದುವ ಹುಡುಗರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಗಿರಮಿಟ್ ತಿನ್ನಬಾರದು. ಧಾರವಾಡದ ನಮ್ಮ ಓಣಿಯ ಅಂಥವನೊಬ್ಬ ಮೊನ್ನೆ, ‘ಕಾಕಾ, ಇದನ್ನ ಡಿಕನ್‌ಸ್ಟ್ರಕ್ಟ್ ಮಾಡಿದ್ರ 300 ರೂಪಾಯಿಗೆ ಮಾರಬಹುದು ನೋಡ್ರಿ’ ಅಂದ. ಚುರಮುರಿ ಒಂದು ಬಟ್ಟಲಲ್ಲಿ, ಉಳ್ಳಾಗಡ್ಡಿ-ಹುಣಸೆಹುಳಿಯ ಒಗ್ಗರಣೆ ಇನ್ನೊಂದರಲ್ಲಿ, ಪುಟಾಣಿ ಹಿಟ್ಟು ತಾಟಿನ ಅಂಚಿಗೆ ಗೀರೆಳೆದಂತೆ, ಮಿರ್ಚಿ ನೆಟ್ಟಗೆ ನಿಂತಿರಬೇಕಂತೆ. ‘ಕಲಸೋರು ಯಾರಪಾ?’ ಅಂದೆ. ‘ಗಿರಾಕಿ!’ ದುಡಿಮೆಯೂ ನಮ್ಮದು, ಬಿಲ್ಲೂ ನಮ್ಮದು.

ಈ ಹುಚ್ಚಿಗೆ ದೊಡ್ಡ ಮನೆತನವಿದೆ. 1988ರಲ್ಲಿ ಫಿಲಿಪ್ ಜಾನ್ಸನ್ ಮತ್ತು ಮಾರ್ಕ್ ವಿಗ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಏಳು ವಾಸ್ತುಶಿಲ್ಪಿಗಳ ಕೆಲಸ ಪ್ರದರ್ಶನಕ್ಕಿಟ್ಟು, ಡಿಕನ್‌ಸ್ಟ್ರಕ್ಟಿವಿಸ್ಟ್ ಎಂಬ ಹಣೆಪಟ್ಟಿ ಹಚ್ಚಿದರು. ಓರೆ ಗೋಡೆ, ಸೀಳಿದ ಮೂಲೆ, ಎಲ್ಲೋ ಹೊರಟು ಎಲ್ಲೋ ಮುಟ್ಟುವ ತೊಲೆ. ಅವರಲ್ಲೊಬ್ಬ ಫ್ರಾಂಕ್ ಗೆಹ್ರಿ. ಸಾಂತಾ ಮೋನಿಕಾದ ತನ್ನ ಹಳೆಯ ಮನೆಗೆ ತಗಡು, ಪ್ಲೈವುಡ್, ತಂತಿಜಾಲರಿ ಸುತ್ತಿ ಹೆಸರು ಮಾಡಿದ. ನಮ್ಮಲ್ಲಿ ಮಳೆಗಾಲಕ್ಕೆ ಪಡಸಾಲೆಗೆ ತಗಡು ಹೊಡೆದವರನ್ನು ಯಾರೂ ಮಾತಾಡಿಸುವುದಿಲ್ಲ. ರಸ್ತೆ ಅಗಲ ಮಾಡುವಾಗ ಮುಖ ಕೊಯ್ಸಿಕೊಂಡ ಕಟ್ಟಡಗಳು, ಮೇಲೊಂದು ಅಂತಸ್ತು ಏರಿಸುವ ಆಸೆಗೆ ಕಬ್ಬಿಣದ ಸಳಿ ಚಾಚಿಕೊಂಡ ಮಾಳಿಗೆಗಳು... ಹುಬ್ಬಳ್ಳಿಯಲ್ಲಿ ಪ್ರದರ್ಶನ ವರ್ಷವಿಡೀ ಇದೆ, ಟಿಕೆಟ್ಟಿಲ್ಲ.

ಹುಡುಗ ಜಾಣ. ‘ಬೀಳೋದು ಬ್ಯಾರೆ ಕಾಕಾ, ಬಿದ್ದಂಗ ಕಾಣೋದು ಬ್ಯಾರೆ’ ಅಂದ. ಒಪ್ಪಬೇಕಾದ ಮಾತು. ಸ್ಪೇನಿನಲ್ಲಿರುವ ಗೆಹ್ರಿಯ ಬಿಲ್ಬಾವೊ ಮ್ಯೂಸಿಯಂ (1997) ನೋಡಲು ಸೊಟ್ಟ; ಆದರೆ ಅದರ ತಿರುವುಗಳ ಲೆಕ್ಕ ಹಾಕಿದ್ದು ವಿಮಾನ ರೂಪಿಸುವ ತಂತ್ರಾಂಶದಲ್ಲಿ. ಅಡುಗೆಯಲ್ಲೂ ಹಾಗೇ: ಅದೇ ಸ್ಪೇನಿನ ಎಲ್ ಬುಲ್ಲಿ ಹೋಟೆಲಿನ ಬಾಣಸಿಗ ಫೆರಾನ್ ಅದ್ರಿಯಾ, ಅಲ್ಲಿಯ ಮನೆಮನೆಯ ಆಲೂಗಡ್ಡೆ ಆಮ್ಲೆಟ್ಟನ್ನು ಬಿಡಿಸಿ, ಪದರುಪದರಾಗಿ ಗಾಜಿನ ಲೋಟದಲ್ಲಿ ಕೊಟ್ಟ. ಆಕಾರ ಹೋಯಿತು, ರುಚಿ ಉಳಿಯಿತು.

ಆ ಲೆಕ್ಕಕ್ಕೆ ನಮ್ಮ ಖಾನಾವಳಿಯ ತಾಟು ಎಂದೋ ಪಾಸಾಗಿದೆ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ ಎಲ್ಲ ಬಿಡಿಬಿಡಿ. ಯಾವ ತುತ್ತಿಗೆ ಯಾವುದು ಎಂಬುದು ಉಣ್ಣುವವನ ಖುಷಿ. ಗಿರಮಿಟ್ಟಿನ ಮಾತು ಬೇರೆ. ಅದರ ಜೀವವಿರುವುದು ಕಲಸುವ ಕೈಯಲ್ಲಿ, ಚುರಮುರಿ ಹುಳಿ ಕುಡಿದು ಮೆತ್ತಗಾಗುವ ಮೊದಲಿನ ಒಂದೆರಡು ನಿಮಿಷದಲ್ಲಿ. ಬಿಡಿಸಿಟ್ಟರೆ ಉಳಿಯುವುದು ಕಿರಾಣಿ ಅಂಗಡಿ.

ಏನಾದರೂ ಮಾಡಿಕೊಳ್ಳಿ, ಪೇಢೆಯ ತಂಟೆಗೆ ಮಾತ್ರ ಬರಬ್ಯಾಡ್ರಪಾ. ಅದನ್ನು ಬಿಡಿಸಿದರೆ ಸಿಗುವುದು ಹಾಲು, ಸಕ್ಕರೆ. ಅವೆರಡೂ ನಮ್ಮ ಮನೆಯಲ್ಲೇ ಇವೆ.