ಕೂರುವುದಕ್ಕೂ ಕಾಸು

ನಿವೃತ್ತನಾದ ಮೇಲೆ ನನ್ನ ಮುಖ್ಯ ಕಸುಬು ಬೆಂಚಿನ ಮೇಲೆ ಕೂರುವುದು. ಕುಕ್ಕರಹಳ್ಳಿ ಕೆರೆ ಏರಿಯ ಬೆಂಚು, ರೈಲ್ವೆ ಸ್ಟೇಷನ್ನಿನ ಬೆಂಚು, ಹಲ್ಲಿನ ಡಾಕ್ಟರ ಬಾಗಿಲ ಮುಂದಿನ ಬೆಂಚು, ಎಲ್ಲ ನೋಡಿದ್ದಾಯಿತು. ಎಲ್ಲೂ ಯಾರೂ ‘ಕೂರಬೇಕಾ, ಕಾಸು ತೆಗಿ’ ಅಂದಿರಲಿಲ್ಲ. ಮೊದಲ ಸಲ ಹಾಗಂದದ್ದು ಒಂದು ವಿಡಿಯೋ ಗೇಮು.

ಮಗಳು ಕೆಲಸಕ್ಕೆಂದು ಪುಣೆಗೆ ಹೊರಟಾಗ ತನ್ನ ನಿಂಟೆಂಡೊ ಸ್ವಿಚ್ಚನ್ನು ನನ್ನ ಕೈಗಿಟ್ಟು, “ಆಡ್ತಾ ಇರಪ್ಪ, ಇಲ್ಲಾಂದ್ರೆ ದಿನವಿಡೀ ಅಮ್ಮನ ತಲೆ ತಿಂತೀಯ” ಎಂದಳು. 34 ವರ್ಷ ಬ್ಯಾಂಕಿನ ಕೌಂಟರಿನಲ್ಲಿ ನೋಟು ಎಣಿಸಿದ ಹೆಬ್ಬೆರಳು ನನ್ನದು. ವೇಗಕ್ಕೆ ಕೊರತೆಯಿಲ್ಲ, ದಿಕ್ಕಿನದೇ ತೊಂದರೆ. ಮೊದಲು ಕೈಹಾಕಿದ್ದು ‘ಹಾಲೋ ನೈಟ್: ಸಿಲ್ಕ್‌ಸಾಂಗ್’ಗೆ. ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ಟೀಮ್ ಚೆರ್ರಿ ಎಂಬ ಬೆರಳೆಣಿಕೆಯ ಮಂದಿ ಕೂತು ಮಾಡಿದ ಆಟ. 2019ರ ಫೆಬ್ರವರಿಯಲ್ಲಿ ಘೋಷಿಸಿದ್ದು ಜನರ ಕೈಸೇರಿದ್ದು 2025ರ ಸೆಪ್ಟೆಂಬರ್ 4ಕ್ಕೆ. ಯಾಕಿಷ್ಟು ತಡ ಅಂದರೆ, ಮಾಡ್ತಾ ಮಾಡ್ತಾ ಮಜಾ ಬರ್ತಿತ್ತು ಅನ್ನುವ ಧಾಟಿಯ ಉತ್ತರ ಬಂತು. ನಮ್ಮ ಬಡಾವಣೆಯ ಒಳಚರಂಡಿಗೂ ಹೆಚ್ಚುಕಡಿಮೆ ಅಷ್ಟೇ ವರ್ಷ ಹಿಡಿಯಿತು. ಮಜಾ ಬಂದದ್ದನ್ನು ಮಾತ್ರ ಯಾರೂ ಒಪ್ಪಿಕೊಂಡಿಲ್ಲ.

ವಿಮರ್ಶಕರಿಗೂ ಮುಂಚೆ ಪ್ರತಿ ಕೊಡಲಿಲ್ಲವಂತೆ. ಬಿಡುಗಡೆಯ ದಿನ ನೂಕುನುಗ್ಗಲಿಗೆ ಆನ್‌ಲೈನ್ ಅಂಗಡಿಗಳೇ ಮಕಾಡೆ ಮಲಗಿದವು, ವಿಮರ್ಶಕರೂ ಊರವರ ಜೊತೆ ಅದೇ ಕ್ಯೂನಲ್ಲಿ ನಿಂತರು. ಬೆನ್ನುಡಿ ಓದಿಯೇ ವಿಮರ್ಶೆ ಬರೆದುಬಿಡುವ ನಮ್ಮ ಕಡೆಯ ಸಂಪ್ರದಾಯ ಅಲ್ಲಿ ನಡೆಯುವಂತಿರಲಿಲ್ಲ.

ಸೂಜಿ ಹಿಡಿದ ಹಾರ್ನೆಟ್ ಎಂಬ ಹುಳದ ಹುಡುಗಿ ಫಾರ್ಲೂಮ್ ರಾಜ್ಯದ ತಳದಿಂದ ತುದಿಯ ಕೋಟೆಗೆ ಹತ್ತಬೇಕು. ದಾರಿಯುದ್ದಕ್ಕೂ ಯಾತ್ರಿಕ ಹುಳಗಳು. ನಾಣ್ಯದ ಬದಲು ಜಪಮಣಿ. ಇದೊಂದು ಕ್ಷೇತ್ರ ಅಂತಾಯಿತು. ಕ್ಷೇತ್ರ ಅಂದಮೇಲೆ ಚಪ್ಪಲಿ ಬಿಡೋದಕ್ಕೂ ಟೋಕನ್ ಇದ್ದದ್ದೇ. ಶುರುವಿನಲ್ಲಿ ಐದು ಜೀವ, ಅದರಲ್ಲಿ ಒಂದನ್ನು ಉಳಿಸಿಕೊಂಡು, ಸೋಫಾದಲ್ಲಿ ಕೂತ ನಾನೇ ಏದುಸಿರು ಬಿಡುತ್ತಾ ಅವಳನ್ನು ಬೆಂಚಿನವರೆಗೆ ತಂದೆ. ಮಣಿ ಹಾಕಿದರೆ ಮಾತ್ರ ಕೂರಬಹುದಂತೆ. ನನ್ನಲ್ಲಿ ಎರಡು ಮಣಿ ಕಡಿಮೆ. ಸಂಪಾದಿಸಿಕೊಂಡು ಬರಲು ಹಿಂದಕ್ಕೆ ಹೋದೆ, ಸತ್ತೆ. ಸತ್ತರೆ ಇದ್ದಬದ್ದ ಮಣಿಯೆಲ್ಲ ಸತ್ತ ಜಾಗದಲ್ಲೇ ಗೂಡುಕಟ್ಟಿ ಉಳಿಯುತ್ತದೆ, ಅಲ್ಲಿಗೆ ಹೋಗಿ ಬಿಡಿಸಿಕೊಳ್ಳುವ ಮೊದಲು ಇನ್ನೊಮ್ಮೆ ಸತ್ತರೆ ಸೊನ್ನೆ. ಇನ್ನೊಮ್ಮೆ ಸತ್ತೆ.

ಇದಕ್ಕೂ ಒಂದು ಪರಿಹಾರ ಇಟ್ಟಿದ್ದಾರೆ, ಮಣಿ ಪೋಣಿಸುವ ಯಂತ್ರ. 80 ಮಣಿ ಹಾಕಿದರೆ 60 ಮಣಿಯ ಸರ ಬರುತ್ತದೆ. ಸರ ಸತ್ತರೂ ಕಳೆಯುವುದಿಲ್ಲ. ನಾನು ಆಟ ನಿಲ್ಲಿಸಿ ಹಾಲು ಲೆಕ್ಕದ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆ. ನೂರಕ್ಕೆ 25 ಸೇವಾಶುಲ್ಕ! ಲಾಕರಿನ ಬಾಡಿಗೆ ಏರಿದ ವರ್ಷ ಗಿರಾಕಿಗಳು ನನಗೆ ಅಂದಿದ್ದನ್ನೆಲ್ಲ ಒಂದೂ ಬಿಡದೆ ಟೀವಿಗೆ ಅಂದೆ. ಒಳಗಿನಿಂದ ನನ್ನವಳು, “ರೀ, ಯಾರ್ರೀ ಬಂದಿರೋದು?” ಎಂದಳು.

ಆಟ ತೀರಾ ಕಷ್ಟವಾಯಿತೇ ಎಂದು ಪಂಡಿತರು ಎರಡು ಪಂಗಡವಾಗಿ ಕಿತ್ತಾಡಿದ್ದಾರೆ. ನನ್ನ ತಕರಾರು ಬೇರೆ. ಒಂದು ಪೆಟ್ಟಿಗೆ ಎರಡು ಜೀವ ಹೋಗಲಿ, ಅದು ಯುದ್ಧ. ಮೇಲಿಂದ ನೇರ ಇರಿಯಬೇಕೆಂದರೆ ಹಾರ್ನೆಟ್ಟು ಬಲಕ್ಕೆ ಇಂಡಿಕೇಟರ್ ಹಾಕಿ ಎಡಕ್ಕೆ ಹೋಗುವ ಸ್ಕೂಟರಿನ ಹಾಗೆ ಓರೆಯಾಗಿ ಎರಗುತ್ತಾಳೆ, ಅದನ್ನೂ ಕಲಿತೆ. ಚಿತ್ರಗಳಂತೂ ಕೈಯಲ್ಲೇ ಬರೆದದ್ದು, ಸಾಯುವಾಗಲೂ ಕಣ್ಣಿಗೆ ಹಬ್ಬ. ಪೆಟ್ಟು ತಿನ್ನಬಲ್ಲೆ, ಜಿಪುಣತನ ಸಹಿಸಲಾರೆ. ಹಂಟರ್ಸ್ ಮಾರ್ಚ್ ಎಂಬಲ್ಲಂತೂ ಬೆಂಚು ಕಂಡಿತೆಂದು ಓಡಿಹೋಗಿ ಕೂತರೆ ಅದೇ ಬೋನು! ಇನ್ನೂ ಮುಂದೆ ‘ಲಾಸ್ಟ್ ಜಡ್ಜ್’ ಎಂಬ ಮಹಾನುಭಾವ ಸೋತಮೇಲೂ ಸಿಡಿದು, ಗೆದ್ದವರನ್ನು ಜೊತೆಗೆ ಕರೆದುಕೊಂಡು ಹೋಗುವುದುಂಟು ಎಂದು ಮಗಳು ಹೇಳಿದಳು. ನಾನು ಅಲ್ಲಿಯವರೆಗೆ ಹೋಗುವ ಭಯವಿಲ್ಲ.

ಇದಕ್ಕೆ ಹೋಲಿಸಿದರೆ ‘ಆನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್’ನ ಟಾಮ್ ನೂಕ್ ದೇವರಂಥವನು. ಮನೆ ಕಟ್ಟಲು ಸಾಲ ಕೊಡುತ್ತಾನೆ, ಬಡ್ಡಿಯಿಲ್ಲ, ಗಡುವಿಲ್ಲ, ಜಾಮೀನಿಗೆ ಭಾವಮೈದನನ್ನು ಕರೆತರಬೇಕಿಲ್ಲ. ಇವನು ನಮ್ಮ ಶಾಖೆಯಲ್ಲಿದ್ದಿದ್ದರೆ ಆರೇ ತಿಂಗಳಿಗೆ ಸಸ್ಪೆಂಡ್. ಆದರೆ 2020ರ ಮಾರ್ಚಿನಲ್ಲಿ ಆಟ ಬಂತು, ಏಪ್ರಿಲಿನಲ್ಲೇ ಅಲ್ಲಿಯ ಉಳಿತಾಯ ಖಾತೆಯ ಬಡ್ಡಿ ಇಳಿಸಿದರು ಎಂದು ಕೇಳಿದಾಗ ಯಾಕೋ ತವರು ನೆನಪಾಯಿತು.

‘ವೆಂಬಾ’ದಲ್ಲಿ ಮಾತ್ರ ದುಡ್ಡಿನ ಗೊಡವೆಯೇ ಇಲ್ಲ. ಟೊರಾಂಟೊದ ವಿಸೈ ಗೇಮ್ಸ್‌ನವರ 2023ರ ಆಟ. 80ರ ದಶಕದಲ್ಲಿ ಕೆನಡಾಕ್ಕೆ ಹೋದ ತಮಿಳು ಸಂಸಾರ, ತಾಯಿಯ ಹಳೆಯ ಅಡುಗೆ ಪುಸ್ತಕದಲ್ಲಿ ಅಲ್ಲಲ್ಲಿ ಅಕ್ಷರ ಅಳಿಸಿಹೋಗಿದೆ. ಮೊದಲನೆಯದೇ ಇಡ್ಲಿ. ತಟ್ಟೆಗಳನ್ನು ಹೇಗೆ ಜೋಡಿಸಬೇಕೆಂದು ತಿಳಿಯದೆ ನಾನು ಹತ್ತು ನಿಮಿಷ ಒದ್ದಾಡಿದೆ. ಸೊಪ್ಪು ಬಿಡಿಸುತ್ತಾ ಕೂತಿದ್ದ ನನ್ನವಳು ತಲೆಯನ್ನೂ ಪೂರ್ತಿ ಎತ್ತದೆ, “ಕುಳಿ ಮೇಲೆ ಕುಳಿ ಕೂರಿಸಿದ್ರೆ ಆವಿ ಹೆಂಗ್ರೀ ಆಡತ್ತೆ, ನಡುವಿನ ತಟ್ಟೆ ತಿರುಗಿಸಿ” ಎಂದಳು. ತಿರುಗಿಸಿದೆ. ಇಡ್ಲಿ ಬೆಂದಿತು. ಆಟ ಒಂದೂವರೆ ಗಂಟೆಯಲ್ಲೇ ಮುಗಿದುಹೋಗುತ್ತದೆ ಅನ್ನುವುದು ಇದರ ಮೇಲಿನ ದೂರು. “ಅಷ್ಟೊತ್ತಲ್ಲಿ ನನ್ನ ಉದ್ದು ಸರಿಯಾಗಿ ನೆನೆದಿರಲ್ಲ” ಎಂದು ಅವಳೂ ಅದನ್ನು ಅನುಮೋದಿಸಿದಳು. ಆಮೇಲೆ ಆಟದ ಮಗ ಬೆಳೆದು ಅಮ್ಮನಿಗೆ ಇಂಗ್ಲಿಷಿನಲ್ಲೇ ಉತ್ತರ ಕೊಡತೊಡಗಿದಾಗ ಸೊಪ್ಪು ಬಿಡಿಸುವ ಕೈ ನಿಂತಿತ್ತು. ಆವತ್ತು ಪುಣೆಗೆ ಫೋನು ಸ್ವಲ್ಪ ಬೇಗ ಹೋಯಿತು.

ಈಚೆಗೆ ಒಂದು ಸಿಹಿ ಸುದ್ದಿ. ಜನರ ಗೋಳು ಕೇಳಿ ಟೀಮ್ ಚೆರ್ರಿಯವರು ಮೊದಲ ತಿದ್ದುಪಡಿಯಲ್ಲೇ ಕೆಲವು ಬೆಂಚುಗಳ ದರ ಇಳಿಸಿದ್ದರಂತೆ. ವಿಚಾರಿಸಿದರೆ ಅದು ಆಟದ ನಡುವಿನ ಹಂತದ ಬೆಂಚುಗಳಿಗೆ ಮಾತ್ರ. ನಾನು ಅಲ್ಲಿಗೆ ತಲುಪಿಲ್ಲ. ಬ್ಯಾಂಕ್ ನಿವೃತ್ತರಿಗೆ ಇದು ಹೊಸದೇನಲ್ಲ, ಪಿಂಚಣಿ ಪರಿಷ್ಕರಣೆಯ ಸುದ್ದಿ ಕೇಳುತ್ತಲೇ ನಮಗೆ ವಯಸ್ಸಾಗಿದೆ.

ಕಡೆಗೆ ಹಳೇ ದರವನ್ನೇ ತೆತ್ತು ಹಾರ್ನೆಟ್ಟನ್ನು ಕೂರಿಸಿದೆ. ಕಾಫಿ ತಂದುಕೊಂಡೆ. ಮುಕ್ಕಾಲು ಗಂಟೆ ಆಗಿರಬೇಕು, ಮಗಳ ಫೋನು ಬಂತು.

“ಏನಪ್ಪಾ ಮಾಡ್ತಿದ್ದೀಯ?”

“ಕೂತಿದ್ದೀನಿ.”

“ಆಟದಲ್ಲೋ, ಮನೇಲೋ?”

“ಎರಡೂ ಕಡೆ.”

“ಎದ್ದು ಮುಂದೆ ಹೋಗಪ್ಪ!”

“ದುಡ್ಡು ಕೊಟ್ಟಿದ್ದೀನಮ್ಮ,” ಎಂದೆ. “ಅದು ಮುರಿಯೋವರೆಗೂ ಏಳಲ್ಲ.”